ಆಶ್‌ಬರ್ನಿನ ಏಕೈಕ ಕೇಳುಗನಿಗೆ

ಪ್ರಿಯ ಖಜಾಂಚಿಗಳೇ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆಂದು ಗೊತ್ತು. ಆದರೆ ನಮ್ಮ ಪಾಡ್‌ಕಾಸ್ಟಿನ ದಾಖಲೆಗಳಲ್ಲಿ ನೀನು ಇಂದಿಗೂ ಖಜಾಂಚಿಯೇ, ಖಜಾನೆ ಮಾತ್ರ ಇಲ್ಲ. ನಿನ್ನೊಬ್ಬನಿಗೆ ಬರೆಯಬೇಕಾದ ಪತ್ರವನ್ನು ಊರಿಗೆಲ್ಲ ಕಾಣುವಂತೆ ಏಕೆ ಬರೆಯುತ್ತಿದ್ದೀಯ ಎಂದು ನೀನು ಕೇಳುವುದು ಖಂಡಿತ. ವರ್ಷಗಟ್ಟಲೆ ಮೈಕಿನ ಮುಂದೆ ಕುಳಿತವನಿಗೆ, ಯಾರೂ ಕೇಳಿಸಿಕೊಳ್ಳದ ಕಡೆ ಮಾತೇ ಹೊರಡುವುದಿಲ್ಲ ಎಂಬ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದ್ದೇನೆ. ಯಾರೂ ಕೇಳಿಸಿಕೊಳ್ಳದ ಕಡೆಯಲ್ಲಿಯೇ ಇಷ್ಟು ಕಾಲ ಮಾತನಾಡುತ್ತಿದ್ದೆನೇನೋ ಎಂಬ ಅನುಮಾನವೂ ಈಚೆಗೆ ಹುಟ್ಟಿಕೊಂಡಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾರ್ಖಾನೆಯ ವರದಿ. ನಮ್ಮ ಸ್ಟುಡಿಯೋ ಈಗಲೂ ನಡುಮನೆಯ ಬಟ್ಟೆಯ ಬೀರುವೇ. ಅದರ ಎರಡೂ ಬಾಗಿಲು ತೆರೆದು, ಮೇಲೊಂದು ರಜಾಯಿ ಇಳಿಬಿಟ್ಟು, ಸೀರೆಗಳ ನಡುವೆ ತಲೆ ತೂರಿಸಿ ಮಾತನಾಡಿದರೆ ಗೋಡೆಯ ಮಾರ್ದನಿ ಬರುವುದಿಲ್ಲ ಎಂದು ನೀನೇ ಕಂಡುಹಿಡಿದದ್ದು. ಫ್ಯಾನಿನ ಗುಂಯ್‌ಗಾಟ ಮೈಕಿಗೆ ಬೀಳುತ್ತದೆಂದು ಅದನ್ನು ಆರಿಸಬೇಕು. ಆದ್ದರಿಂದ ಏಪ್ರಿಲ್ ತಿಂಗಳಲ್ಲಿ ನಾನು ಆಡುವ ವಿದ್ವತ್ಪೂರ್ಣ ಮಾತುಗಳೆಲ್ಲ ಬನಿಯನ್ನಿನಲ್ಲಿ ಆಡಿದವು ಎಂಬುದು ಕೇಳುಗರಿಗೆ ಗೊತ್ತಿಲ್ಲ, ಇಂದಿನವರೆಗೆ ಗೊತ್ತಿರಲಿಲ್ಲ. ರೆಕಾರ್ಡಿಂಗ್ ಆರಂಭಿಸಿದ ಕೂಡಲೇ ಕುಕ್ಕರ್ ಕೂಗುತ್ತದೆ, ಅದು ನಿಂತರೆ ಕಸದ ಗಾಡಿಯ ಹಾಡು ಬರುತ್ತದೆ, ಅದೂ ಹೋಯಿತೆಂದರೆ ಎದುರು ಮನೆಯವರು ಬೋರ್‌ವೆಲ್ ಮೋಟಾರು ಹಾಕುತ್ತಾರೆ. ಛತ್ರಿ ಪ್ರಕರಣದ ನಂತರ ನೀನು ಬರೆದು ಅಂಟಿಸಿದ ನಿಯಮಾವಳಿ ಬೀರುವಿನ ಬಾಗಿಲ ಒಳಮೈಯಲ್ಲಿ ಹಾಗೆಯೇ ಇದೆ. ನಾಲ್ಕನೆಯ ನಿಯಮವನ್ನು ಮಾತ್ರ ಈ ಮನೆಯಲ್ಲಿ ಯಾರೂ ಪಾಲಿಸುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅರಮನೆಯ ಬಳಿ ಟಾಂಗಾ ಓಡಿಸುವ ಹಿರಿಯರೊಬ್ಬರನ್ನು ಮಾತನಾಡಿಸಿದೆ. ಅವರು ನನ್ನ ಪ್ರಶ್ನೆಗೆ ಉತ್ತರ ಹೇಳಿ, ಪ್ರತಿ ಮಾತಿನ ಕೊನೆಗೂ ನನ್ನನ್ನು ಬಿಟ್ಟು ಕುದುರೆಯನ್ನು ‘ಅಲ್ವೇನಪ್ಪಾ?’ ಎಂದು ಕೇಳುತ್ತಿದ್ದರು. ಕುದುರೆ ನೊಣ ಓಡಿಸಲು ತಲೆ ಕೊಡವಿದಾಗಲೆಲ್ಲ ಕೊರಳ ಗೆಜ್ಜೆ ಘಲ್ಲೆನ್ನುತ್ತಿತ್ತು. ಮನೆಗೆ ಬಂದು, ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ರಸ್ತೆಯ ಗದ್ದಲವನ್ನು ತೆಗೆಯೋಣವೆಂದು, ಯಾರೂ ಮಾತನಾಡದ ಒಂದೆರಡು ಕ್ಷಣಗಳ ಚೂರನ್ನು ಆರಿಸಿ ‘ಇದೇ ಗದ್ದಲ, ಇದನ್ನು ಎಲ್ಲ ಕಡೆಯಿಂದಲೂ ತೆಗೆ’ ಎಂದು ತಂತ್ರಾಂಶಕ್ಕೆ ತೋರಿಸಿಕೊಟ್ಟೆ. ಆ ಚೂರಿನಲ್ಲಿ ಗೆಜ್ಜೆಯೂ ಇತ್ತು. ಗೆಜ್ಜೆಯ ನಾದವೂ ಮನುಷ್ಯನ ಸಕಾರ ಶಕಾರಗಳೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಓಡಾಡುತ್ತವೆಯಾಗಿ, ಎರಡನ್ನೂ ಒಟ್ಟಿಗೆ ಒರೆಸಿ ಹಾಕಿತು. ಹೆಡ್‌ಫೋನಿನಲ್ಲಿ ಕೇಳಿದರೆ ಹಿರಿಯರು ನೀರಿನೊಳಗಿನಿಂದ ಮಾತನಾಡುತ್ತಿದ್ದರು, ಕುದುರೆ ಇರಲೇ ಇಲ್ಲ. ಎಲ್ಲವನ್ನೂ ಹಿಂದಕ್ಕೆ ತಂದು ಗದ್ದಲದ ಸಮೇತವೇ ಪ್ರಕಟಿಸಿದೆ. ನಮ್ಮ ಸಂಚಿಕೆಗಳಲ್ಲೆಲ್ಲ ಅದೇ ಚೆನ್ನಾಗಿದೆ ಎಂಬುದು ನನ್ನ ಅಭಿಪ್ರಾಯ, ಇದನ್ನು ಸಮರ್ಥಿಸಲು ಎರಡನೆಯ ವ್ಯಕ್ತಿ ಇನ್ನೂ ಸಿಕ್ಕಿಲ್ಲ.

ವೆಬ್‌ಸೈಟಿನ ಕಥೆಯನ್ನು ಹೇಳುವುದೇ ಬೇಡ, ಆದರೂ ಹೇಳುತ್ತೇನೆ. ಸಂಚಿಕೆಯ ಹೆಸರನ್ನು ಕನ್ನಡದಲ್ಲಿಟ್ಟರೆ ಕೊಂಡಿಯೂ ಕನ್ನಡದಲ್ಲಿಯೇ ಇರಲಿ ಎಂದು ಹಠ ಹಿಡಿದವನು ನೀನು. ಕಂಪ್ಯೂಟರು ಅಕ್ಷರಗಳನ್ನು ಬರೆದಿಟ್ಟುಕೊಳ್ಳುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು, ಕೊಂಡಿಯಲ್ಲಿ ಪ್ರತಿಯೊಂದು ಬೈಟೂ ಶೇಕಡಾ ಚಿಹ್ನೆ ಹೊತ್ತು ಮೂರು ಅಕ್ಷರಗಳಾಗಿ ನಿಲ್ಲುತ್ತದೆ; ಹೀಗಾಗಿ ದೀರ್ಘ, ಸೊನ್ನೆಗಳನ್ನೂ ಬೇರೆಬೇರೆಯಾಗಿ ಎಣಿಸಿದರೆ ಐದು ಸಂಕೇತಗಳಾಗುವ ಬರೀ ‘ಟಾಂಗಾ’ ಎಂಬ ಪದವೇ 45 ಅಕ್ಷರಗಳಷ್ಟು ಉದ್ದವಾಗುತ್ತದೆ. ಅಂಥ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಸೋದರತ್ತೆ ಅದನ್ನು ವೈರಸ್ಸೆಂದು ತಿಳಿದು ಅಳಿಸಿಹಾಕಿದರು. ಅವರ ಅನುಮಾನ ಗಟ್ಟಿಯಾಗಲೆಂದೇ ಎಂಬಂತೆ ಮರುವಾರ ಸೈಟಿನ ಸುರಕ್ಷತಾ ಪ್ರಮಾಣಪತ್ರದ ಅವಧಿ ಮುಗಿಯಿತು. ಪುಕ್ಕಟೆ ಸಿಗುವ ಆ ಪ್ರಮಾಣಪತ್ರಕ್ಕೆ 90 ದಿನಗಳ ಆಯುಷ್ಯ. ತಾನಾಗಿಯೇ ನವೀಕರಣಗೊಳ್ಳಬೇಕಾದದ್ದು ಎಲ್ಲೋ ಮಲಗಿಬಿಟ್ಟಿತ್ತು. ಪುಟ ತೆರೆದವರಿಗೆಲ್ಲ ಕೆಂಪು ಬಣ್ಣದ ಎಚ್ಚರಿಕೆ. ‘ಬ್ಯಾಂಕಿನಲ್ಲಿರೋ ದುಡ್ಡು ಹೋಗಿಬಿಡತ್ತೇನೋ?’ ಎಂದು ಸೋದರತ್ತೆ ಫೋನ್ ಮಾಡಿದರು. ನಮ್ಮ ಸೈಟಿನ ಬಗ್ಗೆ ಈ ವರ್ಷ ಬಂದ ಅತ್ಯಂತ ಕಳಕಳಿಯ ಕರೆ ಅದು.

ಇನ್ನು ಆ ಅನುಮಾನದ ವಿಷಯ. ನಮ್ಮ ಹೋಸ್ಟಿಂಗಿನ ಡ್ಯಾಶ್‌ಬೋರ್ಡಿನಲ್ಲಿ ಯಾವ ಊರಿನಿಂದ ಎಷ್ಟು ಡೌನ್‌ಲೋಡ್ ಆಗಿದೆ ಎಂದು ತೋರಿಸುವ ಪಟ್ಟಿಯೊಂದಿದೆ. ನೀನು ಅಮೆರಿಕಕ್ಕೆ ಹೋಗಿ ವರ್ಜೀನಿಯಾದ ಆಶ್‌ಬರ್ನಿನಲ್ಲಿ ಮನೆ ಮಾಡಿದ ಮೇಲೆ, ಸಂಚಿಕೆ ಹೊರಬಂದ ಕೆಲವೇ ನಿಮಿಷಗಳಲ್ಲಿ ಆ ಪಟ್ಟಿಯಲ್ಲಿ ಮೈಸೂರಿಗಿಂತಲೂ ಮೊದಲು ಆಶ್‌ಬರ್ನ್ ಕಾಣಿಸಿಕೊಳ್ಳುತ್ತಿತ್ತು. ಪ್ರತಿ ಸಲವೂ. ಭಾನುವಾರ ಬೆಳಿಗ್ಗೆ ಆರು ಗಂಟೆಗೇ ಏಕೆ ಪ್ರಕಟಿಸುತ್ತೀರಿ ಎಂದು ಕೇಳಿದವರಿಗೆಲ್ಲ ಸುಪ್ರಭಾತದ ಹೊತ್ತು ಎಂದು ಹೇಳಿಕೊಂಡು ಬಂದಿದ್ದೇನೆ. ನಿಜವಾದ ಕಾರಣವೆಂದರೆ ಅದು ನಿನಗೆ ಶನಿವಾರ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ, ಊಟ ಮುಗಿಸಿ ಪಾತ್ರೆ ತೊಳೆಯುತ್ತ ಕೇಳಬಹುದಾದ ಹೊತ್ತು. ನಡುನಡುವೆ ಹೆಡ್‌ಮಾಸ್ತರರ ಟಾರ್ಚಿನ ಪ್ರಸ್ತಾಪ ತಂದು ಒಬ್ಬನೇ ನಗುತ್ತಿದ್ದೆನಲ್ಲ, ಅದನ್ನು ಬೇರೆ ಯಾರಿಗಾಗಿ ತರುತ್ತಿದ್ದೆ?

ಈಚೆಗೊಂದು ದಿನ ಆಶ್‌ಬರ್ನ್ ಸೊನ್ನೆಯಾಯಿತು. ಮುಂದಿನ ಸಂಚಿಕೆಗೂ ಸೊನ್ನೆ. ನಿನಗೆ ಕೋಪ ಬಂದಿದೆ ಎಂದುಕೊಂಡೆ, ಆಮೇಲೆ ಹುಷಾರಿಲ್ಲವೇನೋ ಎಂದುಕೊಂಡೆ, ‘ಚೆನ್ನಾಗಿದ್ದೀಯಾ?’ ಎಂದು ಟೈಪು ಮಾಡಿ ಅಳಿಸಿದೆ. ಕೊನೆಗೆ ಹೋಸ್ಟಿಂಗಿನವರ ಪ್ರಕಟಣೆಯೊಂದನ್ನು ಓದಿದಾಗ ವಿಷಯ ತಿಳಿಯಿತು: ಡೌನ್‌ಲೋಡ್ ಎಂದರೆ ಏನೆಂದು ನಿರ್ಧರಿಸಲು ಐಎಬಿ ಎಂಬ ಜಾಹೀರಾತು ಉದ್ಯಮದ ಸಂಸ್ಥೆ ಮಾಡಿದ ನಿಯಮಗಳನ್ನು ಅವರು ಅಳವಡಿಸಿಕೊಂಡಿದ್ದರು. ಕನಿಷ್ಠ ಒಂದು ನಿಮಿಷದ ಧ್ವನಿಯಾದರೂ ಇಳಿದಿರಬೇಕು, ಒಬ್ಬನೇ ದಿನದಲ್ಲಿ ಹಲವು ಬಾರಿ ಇಳಿಸಿಕೊಂಡರೂ ಒಂದೇ ಎಂದು ಎಣಿಸಬೇಕು, ಡೇಟಾ ಸೆಂಟರುಗಳ, ಅಂದರೆ ರಾಶಿ ರಾಶಿ ಕಂಪ್ಯೂಟರುಗಳನ್ನು ಕೂಡಿಟ್ಟ ಕಟ್ಟಡಗಳ, ಯಂತ್ರಗಳು ಎಳೆದುಕೊಂಡದ್ದನ್ನು ಲೆಕ್ಕದಿಂದ ಕೈಬಿಡಬೇಕು. ಜಗತ್ತಿನಲ್ಲಿಯೇ ಅತಿ ಹೆಚ್ಚು ಡೇಟಾ ಸೆಂಟರುಗಳು ಒಂದೆಡೆ ನೆರೆದಿರುವುದು ಆಶ್‌ಬರ್ನ್ ಇರುವ ನಿಮ್ಮ ಲೌಡನ್ ಕೌಂಟಿಯಲ್ಲಿಯೇ ಅಂತೆ. ಮನೆಯ ಹತ್ತಿರದ್ದೆಂದು ನೀನು ಫೋಟೋ ಕಳಿಸಿದ್ದ, ಕಿಟಕಿಯೇ ಇಲ್ಲದ ಆ ಬೃಹತ್ ಕಟ್ಟಡಗಳು ಗೋದಾಮುಗಳಲ್ಲ, ಮಾರಾಯ. ನನ್ನ ಅಭಿಮಾನಿಗಳು ಇದ್ದದ್ದು ಅವುಗಳ ಒಳಗೆ. ಹೊಸ ಸಂಚಿಕೆ ಬಂದ ಕೂಡಲೇ ಕಡತವನ್ನು ಎಳೆದುಕೊಂಡು ಪ್ರತಿ ಮಾಡಿಟ್ಟುಕೊಳ್ಳುವ ಯಾವುದೋ ಸರ್ವರು, ಪಾತ್ರೆಯನ್ನೂ ತೊಳೆಯದೆ, ಟಾರ್ಚಿಗೂ ನಗದೆ, ಅಷ್ಟು ಶ್ರದ್ಧೆಯಿಂದ ನನ್ನನ್ನು ಹಿಂಬಾಲಿಸುತ್ತಿತ್ತು.

ನಗುವ ವಿಷಯವೇ, ನಕ್ಕೂ ಆಯಿತು. ಆದರೆ ಒಂದು ಸಂಚಿಕೆಯ ನೆನಪು ಮಾತ್ರ ನಗಲು ಬಿಡುತ್ತಿಲ್ಲ.

ನಿಮ್ಮ ತಂದೆಯವರು ಹೋದಾಗ ನೀನು ಬಂದಿದ್ದೆ. ಆ ಹದಿಮೂರು ದಿನಗಳ ಓಡಾಟದಲ್ಲಿ, ಬಂದುಹೋಗುವ ಜನರ ನಡುವೆ, ನಾವಿಬ್ಬರೂ ನೆಟ್ಟಗೆ ಮಾತನಾಡಲೇ ಇಲ್ಲ. ನೀನು ವಿಮಾನ ಹತ್ತಿದ ವಾರವೇ ನಾನು ಬೀರುವಿನೊಳಗೆ ಕುಳಿತು, ಹೆಸರು ಹೇಳದೆ, ‘ಪರಿಚಿತ ಹಿರಿಯರೊಬ್ಬರು’ ಎಂದಷ್ಟೇ ಹೇಳಿ ಅವರ ರೇಡಿಯೋದ ಬಗ್ಗೆ ಮಾತನಾಡಿದೆ. ಸ್ಟೇಷನ್ ಜಾರಿದಾಗಲೆಲ್ಲ ಅದರ ನೆತ್ತಿಗೆ ಅವರು ಎರಡು ಬೆರಳಲ್ಲಿ ತಟ್ಟುತ್ತಿದ್ದದ್ದು, ವಾರ್ತೆಗೆ ಮುಂಚೆ ಕನ್ನಡಕ ಹಾಕಿಕೊಳ್ಳುತ್ತಿದ್ದದ್ದು, ಎಲ್ಲವನ್ನೂ. ನಮ್ಮ ಸಂಚಿಕೆಯನ್ನು ಕೇಳಿಸಲು ಹೋದಾಗಲೆಲ್ಲ ಅವರು ಹೇಳುತ್ತಿದ್ದ ಕಥೆ ನಿನಗೆ ಬಾಯಿಪಾಠವಿದೆ: 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರ ಶುರುಮಾಡಿದ್ದು, ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾದದ್ದು, ಮುಂದೆ ಅದೇ ಹೆಸರು ಇಡೀ ದೇಶದ ಬಾನುಲಿಗೆ ಬಂದದ್ದು. ಕಥೆ ಮುಗಿಯುವ ಹೊತ್ತಿಗೆ ಕಾಫಿಯೂ ಮುಗಿದು, ನಮ್ಮ ಸಂಚಿಕೆ ಮುಂದಿನ ವಾರಕ್ಕೆ ಹೋಗುತ್ತಿತ್ತು. ಅವರು ಒಂದನ್ನೂ ಕೇಳದೆಯೇ ಹೋದರು. ಅದನ್ನೂ ಹೇಳಿದೆ, ಧ್ವನಿ ನಡುಗಿದ ಕಡೆ ಕತ್ತರಿ ಹಾಕದೆ ಬಿಟ್ಟೆ.

ಆ ಭಾನುವಾರವೂ ಆಶ್‌ಬರ್ನ್ ಮೊದಲು ಬಂತು. ನೀನು ಕೇಳಿದೆ, ಹೇಳಬೇಕಾದದ್ದು ತಲುಪಿತು, ಇನ್ನು ಫೋನ್ ಮಾಡಿ ಅದನ್ನೇ ಮತ್ತೆ ಹೇಳಿ ನಿನ್ನನ್ನೂ ನನ್ನನ್ನೂ ಮುಜುಗರಕ್ಕೆ ಸಿಲುಕಿಸುವುದೇಕೆ ಎಂದು ಸುಮ್ಮನಾದೆ. ನೀನೂ ಸುಮ್ಮನಿದ್ದೆ, ದುಃಖದಲ್ಲಿರುವವನು ಮಾತನಾಡುವುದಿಲ್ಲವೆಂದು ನಾನು ಅದಕ್ಕೂ ಅರ್ಥ ಹಚ್ಚಿಕೊಂಡೆ. ಈಗ ಹಿಂದಿರುಗಿ ನೋಡಿದರೆ, ನಿನ್ನ ಲೆಕ್ಕದಲ್ಲಿ ನಾನು ಆಮೇಲೆ ಒಂದು ಮಾತನ್ನೂ ಆಡಿಲ್ಲ. ಮೈಕಿನ ಮುಂದೆ ಮಾತ್ರ ಸಲೀಸಾಗಿ ಬರುವ ಮಾತು ಎದುರಿಗಿರುವವರೊಡನೆ ಏಕೆ ಬರುವುದಿಲ್ಲ ಎಂಬುದನ್ನು ಯೋಚಿಸುತ್ತ ಎರಡು ಭಾನುವಾರ ಸಂಚಿಕೆಯನ್ನೇ ತರಲಿಲ್ಲ. ಯಾರೂ ಏಕೆಂದು ಕೇಳಲಿಲ್ಲ, ಸೋದರತ್ತೆ ಕೂಡ.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ನೀನು ಯೂಟ್ಯೂಬಿನಲ್ಲಿ ಕೇಳಿದ್ದಿರಬಹುದು, ಆಫೀಸಿನ ವಿಪಿಎನ್ ನಿನ್ನನ್ನು ಯಾವುದೋ ಬೇರೆ ಊರಿನವನೆಂದು ತೋರಿಸಿರಬಹುದು, ಪಟ್ಟಿಯಲ್ಲಿ ಒಬ್ಬಂಟಿಯಾಗಿ ಕಾಣುವ ಟೊರಾಂಟೊ ನೀನೇ ಇರಬಹುದು; ಎಣಿಕೆಯ ಪದ್ಧತಿಗಳ ಬಗ್ಗೆ ನಾನೀಗ ಪ್ರಬಂಧ ಮಂಡಿಸುವಷ್ಟು ತಿಳಿದುಕೊಂಡಿರುವುದರಿಂದ ಇಂಥ ಸಮಾಧಾನಗಳಿಗೆ ಕೊರತೆಯಿಲ್ಲ.

ಬರೆಯಲು ಕುಳಿತದ್ದು ಬೇರೆ ಕೆಲಸಕ್ಕೆ. ಸೈಟಿನ ಡೊಮೇನ್, ಅಂದರೆ ಅದರ ವಿಳಾಸ, ನಿನ್ನ ಹೆಸರಿನಲ್ಲಿದೆ, ಅವಧಿ ಮುಗಿಯುತ್ತ ಬಂದಿದೆ, ಒಳಹೋಗಲು ಬೇಕಾದ ಒಟಿಪಿ ನಿನ್ನ ಫೋನಿಗೇ ಬರುತ್ತದೆ. ಸಹಾಯವಾಣಿಯವರನ್ನು ಕೇಳಿದರೆ ‘ಮಾಲೀಕರೇ ಮಾತನಾಡಬೇಕು ಸಾರ್’ ಎನ್ನುತ್ತಾರೆ. ಅವಧಿ ಮುಗಿದರೆ ಸ್ವಲ್ಪ ಕಾಲ ಕಾಯುತ್ತಾರೆ, ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಅದೂ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಟಾಂಗಾದ ಹಿರಿಯರನ್ನು ಹುಡುಕಿಕೊಂಡು ಬಂದವರಿಗೆ ರಮ್ಮಿಯ ಜಾಹೀರಾತು ಸಿಗುತ್ತದೆ. ಒಟಿಪಿಯ ಆಯುಷ್ಯ ಹತ್ತೇ ನಿಮಿಷವಾದ್ದರಿಂದ ನೀನು ಈ ಪತ್ರ ಓದಿ, ನಿಧಾನವಾಗಿ ಉತ್ತರ ಬರೆದರೆ ಆಗುವುದಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಫೋನಿನಲ್ಲಿರಬೇಕು. ಬರುವ ಶನಿವಾರ, ನಿನ್ನ ರಾತ್ರಿ ಎಂಟೂವರೆಗೆ ನಾನೇ ಮಾಡುತ್ತೇನೆ. ಪಾತ್ರೆ ಆಮೇಲೆ ತೊಳೆದರಾಯಿತು.

ಇದನ್ನು ಓದುತ್ತಿರುವ ಉಳಿದವರಲ್ಲಿ ಒಂದು ವಿನಂತಿ: ದಯವಿಟ್ಟು ನಿಮ್ಮ ಒಟಿಪಿಗಳನ್ನು ನನಗೆ ಕಳಿಸಬೇಡಿ. ಕಳೆದ ಬಾರಿ ಹೀಗೆಯೇ ತಮಾಷೆ ಮಾಡಿದಾಗ ಒಬ್ಬರು ನಿಜಕ್ಕೂ ಕಳಿಸಿದ್ದರು.

ಇಂತು,
ಬನಿಯನ್ನಿನಲ್ಲಿರುವ ನಿನ್ನ ಅಧ್ಯಕ್ಷ