ಐಸಿಂಗಿನ ಹದ ಕಲಿಸಿದ ಅಪರಿಚಿತ ಅಮ್ಮನಿಗೆ
ಕಳೆದ ಡಿಸೆಂಬರ್‌ನಲ್ಲಿ, ಕುಕೀಗಳ ಅಂಚು ದಾಟಿ ರಾಯಲ್ ಐಸಿಂಗ್ (ಮೊಟ್ಟೆಯ ಬಿಳಿ, ಸಕ್ಕರೆ ಪುಡಿ ಸೇರಿಸಿ ಮಾಡುವ ಅಲಂಕಾರದ ಲೇಪ) ಹರಿದುಹೋಗುತ್ತಿದೆಯೆಂದು ಬೇಕಿಂಗ್ ಸಾಮಗ್ರಿಯ ಅಂಗಡಿಯೊಂದರಲ್ಲಿ ನಾನು ಅಳಲು ತೋಡಿಕೊಳ್ಳುತ್ತಿದ್ದಾಗ, ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಬಿಲ್ಲನ್ನೇ ತಿರುಗಿಸಿ, ಗೆರೆ ಎಳೆಯಲು ಗಟ್ಟಿ, ಒಳಗೆ ತುಂಬಲು ತೆಳು ಎಂದು ಎರಡು ಹದಗಳನ್ನು ಬರೆದುಕೊಟ್ಟರು. ಐಸಿಂಗಿನ ಮೇಲೆ ಚಾಕುವಿನಿಂದ ಗೀರಿದ ಗೆರೆ 10ರಿಂದ 15 ಸೆಕೆಂಡುಗಳಲ್ಲಿ ಕೂಡಿಕೊಂಡರೆ ತುಂಬುವ ಹದ ಬಂದಂತೆ. ಅದಕ್ಕಾಗಿ ನೀರನ್ನು ಹನಿಹನಿಯಾಗಿಯೇ ಬೆರೆಸಬೇಕು. ಪಾತ್ರೆಯಲ್ಲಿ ಬೆಣ್ಣೆಯ ಜಿಡ್ಡು ಉಳಿದಿದ್ದರೆ ಮೊಟ್ಟೆಯ ಬಿಳಿ ಸರಿಯಾಗಿ ನೊರೆಗಟ್ಟುವುದಿಲ್ಲವೆಂದೂ ಅವರೇ ಎಚ್ಚರಿಸಿದರು (ಜಿಡ್ಡು ಹಿಡಿದಿದ್ದ ನನ್ನ ಹಳೆಯ ಪ್ಲಾಸ್ಟಿಕ್ ಬಟ್ಟಲು ಅಂದೇ ಅಡುಗೆಮನೆಯಿಂದ ಹೊರಬಿತ್ತು). ಮೊನ್ನೆ ಮಾಡಿದ 24 ನಕ್ಷತ್ರ ಕುಕೀಗಳಲ್ಲಿ ಒಂದರ ಅಂಚನ್ನೂ ಐಸಿಂಗ್ ದಾಟಲಿಲ್ಲ. ತಮ್ಮ ಹೆಸರು ಕೇಳಲು ಮರೆತ ನನ್ನನ್ನು ಕ್ಷಮಿಸಿ, ಈ ಹೃತ್ಪೂರ್ವಕ ಧನ್ಯವಾದಗಳನ್ನು ಸ್ವೀಕರಿಸಬೇಕಮ್ಮ.