ಅಭಿವೃದ್ಧಿ ಶುಲ್ಕ: ಮೊತ್ತಕ್ಕಿಂತ ಮುಖ್ಯ ಅದರ ಲೆಕ್ಕ

ಮಾನ್ಯ ಸಂಪಾದಕರೇ,

ಹೊಸ ಬಡಾವಣೆ ಅಥವಾ ವಸತಿ ಸಮುಚ್ಚಯಕ್ಕೆ ಅನುಮತಿ ನೀಡುವಾಗ ನಗರಾಡಳಿತಗಳು ವಸೂಲು ಮಾಡುವ ಅಭಿವೃದ್ಧಿ ಶುಲ್ಕದ ಚರ್ಚೆ ಸಾಮಾನ್ಯವಾಗಿ ಅದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬಲ್ಲಿಗೇ ನಿಂತುಬಿಡುತ್ತದೆ. ಶುಲ್ಕವನ್ನು ಯಾವ ಆಧಾರದ ಮೇಲೆ ನಿಗದಿ ಮಾಡಲಾಯಿತು, ಸಂಗ್ರಹವಾದ ಹಣ ಯಾವ ಕಾಮಗಾರಿಗೆ, ಎಷ್ಟು ವರ್ಷದೊಳಗೆ ಖರ್ಚಾಯಿತು ಎಂಬುದನ್ನು ಕೇಳುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಶುಲ್ಕದ ನ್ಯಾಯ ನಿಂತಿರುವುದೇ ಈ ಲೆಕ್ಕದ ಮೇಲೆ.

ಶುಲ್ಕದ ಹಿಂದಿರುವ ತರ್ಕವನ್ನು ನಾನು ಒಪ್ಪುತ್ತೇನೆ. ಹೊಸ ಮನೆಗಳು ಬಂದಂತೆ ನೀರಿನ ಮುಖ್ಯ ಕೊಳವೆ, ಕೊಳಚೆ ನೀರಿನ ಶುದ್ಧೀಕರಣ ಘಟಕ, ರಸ್ತೆ ಎಲ್ಲವೂ ಹಿಗ್ಗಬೇಕಾಗುತ್ತದೆ. ಆ ಖರ್ಚನ್ನು ಹಳೆಯ ತೆರಿಗೆದಾರರ ಮೇಲೆ ಹೇರದೆ, ಅಗತ್ಯವನ್ನು ಹುಟ್ಟಿಸಿದ ನಿರ್ಮಾಣದಿಂದಲೇ ಪಡೆಯುವುದು ಸರಿಯಾದ ಕ್ರಮ. ಆದರೆ ಅದೇ ತರ್ಕದ ಪ್ರಕಾರ, ದಶಕಗಳಿಂದ ದುರಸ್ತಿ ಕಾಣದ ಹಳೆಯ ಕೊಳವೆಗಳ ಖರ್ಚನ್ನು ಹೊಸಬರ ತಲೆಗೆ ಕಟ್ಟುವಂತಿಲ್ಲ. ಹಾಗೆ ಕಟ್ಟುವ ಆಸೆ ಆಡಳಿತಗಳಿಗೆ ಹುಟ್ಟುವುದು ಸಹಜ, ಏಕೆಂದರೆ ಇನ್ನೂ ಬಂದು ನೆಲೆಸದವರಿಗೆ ಆ ಊರಿನಲ್ಲಿ ಮತವಿರುವುದಿಲ್ಲ.

ಇಂಥ ಆಸೆಗೆ ಕಡಿವಾಣವಾಗಬಲ್ಲಂತೆ ಅಮೆರಿಕದ ಸುಪ್ರೀಂ ಕೋರ್ಟ್ 1987ರ ನೋಲನ್ ಪ್ರಕರಣದಲ್ಲಿ, ಅನುಮತಿಗೆ ವಿಧಿಸುವ ಷರತ್ತಿಗೂ ನಿರ್ಮಾಣದಿಂದಾಗುವ ಪರಿಣಾಮಕ್ಕೂ ನಿಜವಾದ ಸಂಬಂಧವಿರಬೇಕೆಂದಿತು. 1994ರ ಡೋಲನ್ ಪ್ರಕರಣದಲ್ಲಿ ಆ ಷರತ್ತಿನ ಹೊರೆ ಪರಿಣಾಮಕ್ಕೆ ಸರಿಸುಮಾರು ಅನುಗುಣವಾಗಿರಬೇಕೆಂದು ಸೇರಿಸಿತು. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಒಂದೇ ಒಂದು ಮನೆಗೆ, ರಸ್ತೆ ಸಂಚಾರದ ಮೇಲೆ ಬೀಳುವ ಹೊರೆಗಾಗಿ 23,420 ಡಾಲರ್ ಶುಲ್ಕ ವಿಧಿಸಿದ್ದರ ವಿರುದ್ಧದ ಮೊಕದ್ದಮೆಯಲ್ಲಿ, ಶಾಸನದ ಮೂಲಕ ಎಲ್ಲರಿಗೂ ಒಂದೇ ದರಪಟ್ಟಿ ಮಾಡಿದ ಮಾತ್ರಕ್ಕೆ ಈ ಪರೀಕ್ಷೆಯಿಂದ ವಿನಾಯಿತಿ ಸಿಗದು ಎಂದು 2024ರಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಇಡೀ ವರ್ಗಕ್ಕೆ ಅನ್ವಯಿಸುವ ಶುಲ್ಕದಲ್ಲಿ ಲೆಕ್ಕ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದನ್ನು ಮಾತ್ರ ಅವರು ಇತ್ಯರ್ಥಪಡಿಸಲಿಲ್ಲ.

ವಸೂಲಿಯ ಮೇಲಿನ ಈ ನಿಗಾ ಖರ್ಚಿನ ಮೇಲೂ ಇರಬೇಕು. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಈ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಆರ್ಥಿಕ ವರ್ಷ ಮುಗಿದ 180 ದಿನಗಳೊಳಗೆ ಲೆಕ್ಕ ಪ್ರಕಟಿಸಬೇಕು. ಖರ್ಚಾಗದೆ ಉಳಿದ ಹಣಕ್ಕೆ 5 ವರ್ಷಕ್ಕೊಮ್ಮೆ ಕಾರಣ ಮತ್ತು ಉದ್ದೇಶವನ್ನು ದಾಖಲಿಸದಿದ್ದರೆ, ಅದನ್ನು ಆಸ್ತಿಯ ಈಗಿನ ಮಾಲೀಕರಿಗೆ ಮರಳಿಸಬೇಕು. ಕೆನಡಾದ ಒಂಟಾರಿಯೊದಲ್ಲಿ 2022ರ ತಿದ್ದುಪಡಿಯು, ನೀರು, ಒಳಚರಂಡಿ ಮತ್ತು ರಸ್ತೆಯ ಮೀಸಲು ನಿಧಿಗಳಲ್ಲಿ ವರ್ಷದ ಆರಂಭದಲ್ಲಿದ್ದ ಹಣದ ಕನಿಷ್ಠ 60 ಶೇಕಡವನ್ನು ಆ ವರ್ಷವೇ ಖರ್ಚು ಮಾಡಬೇಕು ಅಥವಾ ಹಂಚಿಕೆ ಮಾಡಬೇಕು ಎಂದಿತು. ಹಂಚಿಕೆಯನ್ನು ಕಾಗದದ ಮೇಲೆ ತೋರಿಸಿದರೂ ಸಾಕೆಂಬುದು ನನಗೆ ಸಡಿಲವಾಗಿ ಕಾಣುತ್ತದೆಯಾದರೂ, ಶುದ್ಧೀಕರಣ ಘಟಕದಂಥ ದೊಡ್ಡ ಕಾಮಗಾರಿಯನ್ನು ಒಂದೇ ವರ್ಷದ ವಸೂಲಿಯಿಂದ ಕಟ್ಟಲಾಗದು ಎಂಬುದೂ ನಿಜ. ಇಂಗ್ಲೆಂಡಿನಲ್ಲಿ 2010ರಿಂದ ಸಮುದಾಯ ಮೂಲಸೌಕರ್ಯ ತೆರಿಗೆಯನ್ನು ಚದರ ಮೀಟರ್ ಲೆಕ್ಕದಲ್ಲಿ ವಿಧಿಸಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶವಿದೆ. ತಮ್ಮ ಪ್ರದೇಶದ ಬೆಳವಣಿಗೆಗೆ ಸ್ಥಳೀಯರೇ ರೂಪಿಸುವ ನೆರೆಹೊರೆಯ ಯೋಜನೆಯನ್ನು ಸಿದ್ಧಪಡಿಸಿಕೊಂಡ ಪ್ರದೇಶಗಳಿಗೆ, ಅಲ್ಲಿನ ನಿರ್ಮಾಣಗಳಿಂದ ಬಂದ ತೆರಿಗೆಯ 25 ಶೇಕಡ ಪಾಲು ಸಲ್ಲುತ್ತದೆ.

ದರ ವಿಧಿಸುವ ಅಳತೆಯೂ ಹಗುರವಾದ ವಿಷಯವಲ್ಲ. ಮನೆಯೊಂದಕ್ಕೆ ಇಷ್ಟು ಎಂದು ನಿಗದಿ ಮಾಡಿದರೆ ಸಣ್ಣ ಮನೆಯೂ ಬಂಗಲೆಯೂ ಒಂದೇ ಮೊತ್ತ ತೆರುತ್ತವೆ, ಕಟ್ಟುವವರು ದೊಡ್ಡ ಮನೆಗಳತ್ತಲೇ ವಾಲುತ್ತಾರೆ. ಇನ್ನು ಶುಲ್ಕದ ಹೊರೆ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದು ಬಹುಮಟ್ಟಿಗೆ ಅದನ್ನು ಪ್ರಕಟಿಸಿದ ಸಮಯವನ್ನು ಅವಲಂಬಿಸಿದೆ. ಜಮೀನು ಖರೀದಿಗೆ ಮೊದಲೇ ದರ ತಿಳಿದಿದ್ದರೆ ನಿರ್ಮಾಣದಾರ ಅದನ್ನು ಕಳೆದೇ ಜಮೀನಿಗೆ ಬೆಲೆ ಕಟ್ಟುತ್ತಾನೆ, ಆಗ ಹೊರೆಯ ಒಂದು ಪಾಲು ಜಮೀನಿನ ಒಡೆಯನಿಗೆ ಹೋಗುತ್ತದೆ. ಖರೀದಿಯಾದ ಮೇಲೆ ದಿಢೀರನೆ ಏರಿಸಿದರೆ ಅದನ್ನು ನಿರ್ಮಾಣದಾರನೋ ಮನೆ ಕೊಳ್ಳುವವರೋ ಹೊರಬೇಕಾಗುತ್ತದೆ, ಇಲ್ಲವೇ ಯೋಜನೆಯೇ ನಿಂತುಹೋಗುತ್ತದೆ.

ಆದ್ದರಿಂದ ಶುಲ್ಕ ಏರಿಸುವ ಯಾವುದೇ ಪ್ರಸ್ತಾವದೊಂದಿಗೆ ಆಡಳಿತವು ಮೂರು ದಾಖಲೆಗಳನ್ನು ಸಾರ್ವಜನಿಕರ ಮುಂದಿಡಬೇಕೆಂದು ಕೋರುತ್ತೇನೆ: ಪ್ರತಿ ಕಾಮಗಾರಿಯ ಅಂದಾಜಿನಲ್ಲಿ ಹಳೆಯ ಕೊರತೆಗೆಷ್ಟು, ಹೊಸ ಬೆಳವಣಿಗೆಗೆಷ್ಟು ಎಂಬ ವಿಂಗಡಣೆ; ಈವರೆಗೆ ಸಂಗ್ರಹವಾದ ಹಣದ ಮತ್ತು ಅದರ ಬಡ್ಡಿಯ ಲೆಕ್ಕ; ಹಾಗೂ ಕಟ್ಟಿದ ಮೇಲೆ ಅವುಗಳ ನಿರ್ವಹಣೆಗೆ ಪ್ರತಿವರ್ಷ ಹಣ ಎಲ್ಲಿಂದ ಬರುತ್ತದೆ ಎಂಬ ವಿವರ. ಒಮ್ಮೆ ಮಾತ್ರ ಸಿಗುವ ಶುಲ್ಕದಿಂದ ವರ್ಷವರ್ಷದ ನಿರ್ವಹಣೆ ಸಾಗುವುದಿಲ್ಲವಾದ್ದರಿಂದ, ಈ ಮೂರನೆಯ ದಾಖಲೆಯನ್ನು ನಗರದ ಮುಂಗಡಪತ್ರದೊಂದಿಗೇ ಮಂಡಿಸುವುದು ಸೂಕ್ತ.

– ಓರ್ವ ಓದುಗ