ರಿಜಿಸ್ಟರ್ ತೆರೆಸಿ ನೋಡಿ, ಜೊತೆಗೆ ಲ್ಯಾಬನ್ನೂ ಹತ್ತಿರ ತನ್ನಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಹೋದ ವರ್ಷ ನಮ್ಮ ಅಮ್ಮನಿಗೆ ಉರಿಮೂತ್ರ ಶುರುವಾಯಿತು. ಅಣ್ಣ ಗಾರೆ ಕೆಲಸಕ್ಕೆ ಹೋಗುವವನು. ಡಾಕ್ಟರ ಫೀಸು, ಬಸ್ ಚಾರ್ಜು, ಒಂದು ದಿನದ ಕೂಲಿ ಎಲ್ಲ ಲೆಕ್ಕ ಹಾಕಿ ಮೆಡಿಕಲ್ ಶಾಪಿನಿಂದಲೇ ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್ (ಬ್ಯಾಕ್ಟೀರಿಯಾ ಕೊಲ್ಲುವ) ಮಾತ್ರೆ ತಂದ. ಡಾಕ್ಟರ ಚೀಟಿ ಯಾರೂ ಕೇಳಲಿಲ್ಲ. ಉರಿ ತಗ್ಗಿದ ಕೂಡಲೇ ಅಮ್ಮ ನುಂಗುವುದು ಬಿಟ್ಟಳು. ಮತ್ತೆ ಬಂತು, ಮತ್ತೆ ಅದೇ ಮಾತ್ರೆ. ಮೂರನೆಯ ಸಲ ಚಳಿಜ್ವರದಲ್ಲಿ ನಡುಗುತ್ತಿದ್ದವಳನ್ನು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಮೂತ್ರದಲ್ಲಿನ ರೋಗಾಣು ಯಾವ ಔಷಧಿಗೆ ಬಗ್ಗುತ್ತದೆ ಎಂದು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ರಿಪೋರ್ಟಿನಲ್ಲಿ ನುಂಗುವ ಔಷಧಿಗಳ ಹೆಸರಿನ ಮುಂದೆಲ್ಲ 'ರೆಸಿಸ್ಟೆಂಟ್', ಅಂದರೆ ಬಗ್ಗುವುದಿಲ್ಲ, ಎಂದೇ ಇತ್ತು. ಹತ್ತು ದಿನ ಮೆರೋಪೆನೆಮ್ ಇಂಜೆಕ್ಷನ್, ದಿನಕ್ಕೆ ಮೂರು ಸಲ. ಅಮ್ಮ ಉಳಿದಳು. ಅವಳ ಬಳೆಗಳು ಇನ್ನೂ ಗಿರವಿ ಅಂಗಡಿಯಲ್ಲಿವೆ.

ಸೆಫಿಕ್ಸಿಮ್ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿ, ಅಂದರೆ ಕಟ್ಟುನಿಟ್ಟಿನ ನಿಯಮದಡಿ ಮಾತ್ರ ಮಾರಬೇಕಾದದ್ದು. ಈ ನಿಯಮ ಜಾರಿಗೆ ಬಂದದ್ದು 2014ರ ಮಾರ್ಚ್‌ನಲ್ಲಿ. ಚೀಟಿಯಿಲ್ಲದೆ ಕೊಡುವಂತಿಲ್ಲ, ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟಿರಬೇಕು. ಅದನ್ನು ತೆರೆಸಿ ನೋಡಬೇಕಾದವರು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು, ಅಂದರೆ ನಿಮ್ಮ ಇಲಾಖೆಯವರು. ಪಕ್ಕದ ಕೇರಳ ರೋಗಾಣುಗಳು ಹೀಗೆ ಔಷಧಿಗೆ ಬಗ್ಗದಂತಾಗುವುದನ್ನು ತಡೆಯಲು 2018ರಲ್ಲೇ ತನ್ನದೇ ಕ್ರಿಯಾಯೋಜನೆ ಮಾಡಿಕೊಂಡಿತು, 2024ರಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಔಷಧಿ ಅಂಗಡಿಗಳ ಮೇಲೆ ದಿಢೀರ್ ತಪಾಸಣೆಗೆ ಇಳಿಯಿತು.

ಆದರೆ ಬರೀ ದಾಳಿ ಸಾಲದು ಸಾರ್. ಅಣ್ಣನದು ಅಜ್ಞಾನ ಎಂದು ನಾನು ಒಪ್ಪುವುದಿಲ್ಲ, ಅವನ ಕೈಗೆ ಎಟುಕಿದ್ದು ಅದೊಂದೇ ಬಾಗಿಲು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾಗುವ ಪ್ರತಿ ನೂರು ರೂಪಾಯಿಯಲ್ಲಿ 39 ರೂಪಾಯಿ ಜನರ ಜೇಬಿನಿಂದಲೇ ಹೋಗುತ್ತದೆ. 2025ರೊಳಗೆ ಸರ್ಕಾರಗಳ ಆರೋಗ್ಯ ವೆಚ್ಚ ಜಿಡಿಪಿಯ ಶೇ. 2.5ಕ್ಕೆ ಏರಬೇಕೆಂದು 2017ರ ಆರೋಗ್ಯ ನೀತಿ ಹೇಳಿತ್ತು. 2021-22ರಲ್ಲಿ ಅದು ಇದ್ದದ್ದು ಶೇ. 1.84. ಆ ಕೊರತೆಯನ್ನು ನಮ್ಮಂಥವರು ಮೊದಲು ಅಗ್ಗದ ಮಾತ್ರೆಯಲ್ಲಿ, ಆಮೇಲೆ ದುಬಾರಿ ಇಂಜೆಕ್ಷನ್ನಿನಲ್ಲಿ ತುಂಬಿಸುತ್ತಿದ್ದೇವೆ.

ಪ್ರತಿ ತಾಲ್ಲೂಕಿನಲ್ಲೂ ದೊಡ್ಡ ಲ್ಯಾಬ್ ಕಟ್ಟಿಸಿ ಎಂದು ಕೇಳುತ್ತಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂತ್ರದ ಸ್ಯಾಂಪಲ್ ತೆಗೆದುಕೊಂಡು ಜಿಲ್ಲಾ ಆಸ್ಪತ್ರೆಗೋ ಸರ್ಕಾರಿ ಮೆಡಿಕಲ್ ಕಾಲೇಜಿಗೋ ಅದೇ ದಿನ ತಲುಪಿಸಲಿ. ಎರಡು ಮೂರು ದಿನದಲ್ಲಿ ಬರುವ ರಿಪೋರ್ಟ್ ಆರೋಗ್ಯ ಕೇಂದ್ರದ ವೈದ್ಯರ ಮೊಬೈಲಿಗೆ ಬರಲಿ, ಯಾವ ಮಾತ್ರೆ ನಾಟುತ್ತದೋ ಅದನ್ನು ಅಲ್ಲೇ ಪೂರ್ತಿ ಕೋರ್ಸ್ ಉಚಿತವಾಗಿ ಕೊಡಲಿ. ಸಂಜೆ ಕೆಲಸ ಬಿಟ್ಟ ಮೇಲೆ ಹೋದರೂ ಅಲ್ಲಿ ಒಬ್ಬ ವೈದ್ಯರು ಸಿಗಲಿ. ಕೂಲಿಯವರಿಗೆ ಇದೇ ಎಲ್ಲಕ್ಕಿಂತ ಮುಖ್ಯ.

ಕಳೆದ ಒಂದು ವರ್ಷದಲ್ಲಿ ಯಾವ ಜಿಲ್ಲೆಯಲ್ಲಿ ಎಷ್ಟು ಅಂಗಡಿಗಳ ಎಚ್1 ರಿಜಿಸ್ಟರ್ ತಪಾಸಣೆಯಾಗಿದೆ ಎಂಬ ಲೆಕ್ಕವನ್ನು ದಯವಿಟ್ಟು ಪ್ರಕಟಿಸಿ. ಆ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ತಾಲ್ಲೂಕು ಕೇಂದ್ರವೊಂದರ ನಾಗರಿಕ